ನಿಂಬೆವ್ವ ತೊಳೆದ ಬಾವಿ

ನಿಂಬೆವ್ವ ಬಟ್ಟೆಯನ್ನು ಮೊದಲು ಮೂಗಿನಿಂದ ನೋಡುತ್ತಿದ್ದಳು, ಆಮೇಲೆ ಕಣ್ಣಿನಿಂದ. ನಮ್ಮ ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ಗಂಟು ಬಿಚ್ಚಿ, ಒಂದೊಂದೇ ಎತ್ತಿ ಮೂಸಿ, "ಇದು ಕುಸುಬಿ ಎಣ್ಣಿ, ಇದು ಬಂಡಿ ಕೀಲೆಣ್ಣಿ, ಇದು ಸಣ್ಣಗೌಡ್ತಿ ಕೂತು ಅತ್ತ ಸೆರಗು" ಎಂದು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದಳು. ಸಣ್ಣಗೌಡ್ತಿ ಅಂದರೆ ನಾನೇ, ಸುಮಿತ್ರಾ. ಜೇವರ್ಗಿಯಿಂದ ಮಟಕಿಯ ಗೌಡರ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ಅತ್ತದ್ದು ನಿಜ. ಆದರೆ ಅದನ್ನು ಅತ್ತೆಯ ಎದುರಿಗೆ ಹೇಳಬೇಕೆ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ಹಲ್ಲು ಬಿದ್ದ ಬಾಯಲ್ಲಿ ನಕ್ಕು, ಗಂಟು ಹೊತ್ತು ಹಳ್ಳದ ದಾರಿ ಹಿಡಿಯುತ್ತಿದ್ದಳು.

ಆಗ ಅವಳಿಗೆ ಐವತ್ತರ ಹತ್ತಿರ. ಕುಳ್ಳಗೆ, ಕಪ್ಪಗೆ ಇದ್ದಳು. ಅಂಗೈ ಮಾತ್ರ ನೀರಲ್ಲಿ ನೆನೆದು ನೆನೆದು ಬೆಳ್ಳಗಾಗಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳನ್ನು ಭೀಮಾ ದಂಡೆಯ ಮಣ್ಣೂರಿಗೆ ಕೊಟ್ಟಿದ್ದಳು. ಮಗ ಖಂಡಪ್ಪನಿಗೆ ಅಗಸರ ಕೆಲಸ ಹಿಡಿಸಲಿಲ್ಲ. ಅವನು ನಮ್ಮ ಬಾವಿಯ ಮೇಲಿನ ಡೀಸೆಲ್ ಇಂಜಿನ್ ನಡೆಸುತ್ತಿದ್ದ. ಅವನ ಅಂಗಿಯನ್ನು ನಿಂಬೆವ್ವ ಎಲ್ಲರದ್ದಕ್ಕಿಂತ ಹೆಚ್ಚು ಬೈಯುತ್ತಿದ್ದಳು, ಎಲ್ಲರದ್ದಕ್ಕಿಂತ ಹೆಚ್ಚು ಹೊತ್ತು ಮೂಸುತ್ತಲೂ ಇದ್ದಳು.

ನಮ್ಮ ಮಾವ ದೌಲತರಾಯ ಗೌಡರು ಕೆಟ್ಟವರಲ್ಲ. ಆದರೆ ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಅವರು ಅಂಗಳದಲ್ಲಿ ಕೆಮ್ಮಿದರೆ ನಾನು ಒಳಗೆ. ಅವರಿಗೆ ಏನಾದರೂ ಹೇಳಬೇಕಾದರೆ ಅತ್ತೆ ಗುರುಬಾಯಿಯ ಕಿವಿಯಲ್ಲಿ ಹೇಳಬೇಕು, ಅವರು ದಾಟಿಸಬೇಕು. ನನ್ನ ದನಿ ಹೇಗಿದೆ ಅನ್ನುವುದೇ ಮಾವನಿಗೆ ಗೊತ್ತಿರಲಿಲ್ಲ. ನನ್ನಂಥ ಬಾಯಿಬಡುಕಿಗೆ ಅದೆಂಥ ಶಿಕ್ಷೆ ಅಂತ ಜೇವರ್ಗಿಯಲ್ಲಿ ನನ್ನ ತಂಗಿಯರನ್ನು ಕೇಳಬೇಕು.

ಎಂಬತ್ತನೇ ಇಸವಿಯ ಚಳಿಗಾಲ. ಡೀಸೆಲ್ ಎಲ್ಲೂ ಸಿಗುತ್ತಿರಲಿಲ್ಲ. ಆಳಂದದ ಪಂಪಿನ ಮುಂದೆ ಜನ ಹಿಂದಿನ ದಿನವೇ ಖಾಲಿ ಡಬ್ಬಿ ಸಾಲಾಗಿಟ್ಟು ಕಾಯುತ್ತಿದ್ದರು. ಇತ್ತ ಗೋಧಿ ತೆನೆಗೆ ನೀರು ಬೇಕೇ ಬೇಕಾದ ಹೊತ್ತು. ಮಾವ ಎಲ್ಲಿಂದಲೋ ಒಂದು ಬ್ಯಾರಲ್ ಡೀಸೆಲ್ ತರಿಸಿದರು. ಒಂದು ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾಗಿದ್ದಾಗ, ಬಾವಿಯಿಂದ ಹತ್ತು ಮಾರು ದೂರದ ಹುಣಸೆ ಮರದ ಬುಡದಲ್ಲಿ ಖಂಡಪ್ಪನ ಕೈಲಿ ತಗ್ಗು ತೋಡಿಸಿ, ಬ್ಯಾರಲ್ ಇಳಿಸಿ, ಮೇಲೆ ಜೋಳದ ಕಣಕಿ ಹರಡಿಸಿದರು. ನಮ್ಮ ಮನೆ ಊರಂಚಿಗಿದೆ. ಮಾಳಿಗೆ ಕೋಣೆಯ ಕಿಡಕಿಯಿಂದ ಬಾವಿ ಕಾಣುತ್ತದೆ. ಮಾವ ಕೋಲು ನೆಲಕ್ಕೂರಿ ಇನ್ನೂ ಆಳ ಇನ್ನೂ ಆಳ ಎಂದು ತೋರಿಸುತ್ತಿದ್ದದ್ದನ್ನು ನಾನು ನಿಂತು ನೋಡಿದೆ.

ಅದೇ ವಾರ ಅವರ ಚಿಕ್ಕಪ್ಪನ ಮಗ ಶಾಂತಲಿಂಗಪ್ಪನವರು ಎರಡು ಡಬ್ಬಿ ಡೀಸೆಲ್ ಕೇಳಿಕೊಂಡು ಬಂದರು. "ನನ್ನ ಹತ್ರನೂ ಇಲ್ಲೋ ತಮ್ಮಾ" ಎಂದರು ಮಾವ. ಶಾಂತಲಿಂಗಪ್ಪನವರ ಗೋಧಿ ತೆನೆ ಕಟ್ಟದೆ ಒಣಗಿತು.

ಬ್ಯಾರಲ್ ಹಳೆಯದು. ನಮ್ಮ ಕಡೆಯ ಮಣ್ಣಿನ ಉಪ್ಪಿಗೆ ಅದರ ತಳ ತುಕ್ಕು ಹಿಡಿದು ತೂತಾಯಿತು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ನೀರಿಗೆ ಹೋದ ಹೆಂಗಸರು ಖಾಲಿ ಕೊಡ ಹೊತ್ತು ಹಿಂದೆ ಬಂದರು. ಬಾವಿಯ ತುಂಬ ಬಣ್ಣಬಣ್ಣದ ಪದರು, ಮೂಗು ಬಿಡುವಂತಿಲ್ಲದ ವಾಸನೆ. ಬಾವಿ ನಮ್ಮದಾದರೂ ಕುಡಿಯುವುದು ಇಡೀ ಊರು. ಮಟಕಿಯಲ್ಲಿ ಸಿಹಿನೀರು ಇದ್ದದ್ದು ಅದೊಂದರಲ್ಲೇ. ಉಳಿದವೆಲ್ಲ ಸವಳು. ಜನ ವಾಸನೆಯ ಜಾಡು ಹಿಡಿದು ಹುಣಸೆ ಮರದ ಬುಡ ಅಗೆದರು. ಬ್ಯಾರಲ್ ಸಿಕ್ಕಿತು, ಖಾಲಿ.

ಪಂಚರು ನಮ್ಮ ಕಟ್ಟೆಯ ಮೇಲೆಯೇ ಕೂತರು. ಅವರ ಪರವಾಗಿ ಕೇಳಿದವರು ಶಾಂತಲಿಂಗಪ್ಪನವರು: "ಬ್ಯಾರಲ್ ಯಾರದು?"

ಖಂಡಪ್ಪ ಒಮ್ಮೆ ಮಾವನ ಮುಖ ನೋಡಿದ. ಮಾವ ತಮ್ಮ ಕೋಲಿನ ತುದಿ ನೋಡಿದರು. ಯಾರೋ ಹಿಂದಿನಿಂದ, "ದಿನಾ ಇಷ್ಟಿಷ್ಟು ಇಂಜಿನ್ನಿಂದ ಕದ್ದು ಕೂಡಿಟ್ಟಾನ, ಮತ್ತೇನು" ಅಂದರು. ಮಾವ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅಷ್ಟು ಸಾಕಾಯಿತು. ಬಾವಿಯ ನೀರು ಕುಡಿಯುವಂತೆ ಆಗುವವರೆಗೆ ಖಂಡಪ್ಪ ಊರೊಳಗೆ ಕಾಲಿಡಬಾರದು, ಆಗದೇ ಹೋದರೆ ಮತ್ತೆಂದೂ ಇಡಬಾರದು ಎಂದು ತೀರ್ಮಾನವಾಯಿತು. ಧಣಿಯ ಮಾತು ಧಣಿಯೇ ಹೇಳಲಿ ಎಂದು ಅವನು ಬಾಯಿ ಬಿಡಲಿಲ್ಲ. ಒಂದು ಕೈಚೀಲ ಹಿಡಿದು ಮಣ್ಣೂರಿಗೆ ಅಕ್ಕನ ಮನೆಗೆ ಹೋದ. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ, ಸುಮ್ಮನಿದ್ದೆ. ಹೇಡಿ ನಾನು. ಇದನ್ನು ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಮರುದಿನ ನಿಂಬೆವ್ವ ಎಂದಿನಂತೆ ಹಿತ್ತಲಿಗೆ ಬಂದಳು. ಕಳ್ಳನ ತಾಯಿ ಎಂದು ಎಷ್ಟೋ ಮನೆಯವರು ಅವಳಿಗೆ ಬಟ್ಟೆ ಹಾಕುವುದನ್ನೇ ನಿಲ್ಲಿಸಿದ್ದರು. ನಾನು ಗಂಟು ಕೊಟ್ಟೆ. ಅವಳು ಮೂಸಲಿಲ್ಲ, ಚೇಷ್ಟೆ ಮಾಡಲಿಲ್ಲ. ನನ್ನ ಮುಖವನ್ನು ಒಂದು ಕ್ಷಣ ನೋಡಿ, "ನಾಳಿಗಿ ತರ್ತೇನ್ರಿ" ಎಂದು ಹೋದಳು.

ಊರವರು ಬಾವಿ ಬತ್ತಿಸಲು ನಿಂತರು. ಇಂಜಿನ್ನಿನ ಹೆಸರೆತ್ತಿದರೆ ಜನರಿಗೆ ಸಿಟ್ಟು ಬರುತ್ತಿತ್ತಾದ್ದರಿಂದ ಅಟ್ಟದ ಮೇಲಿದ್ದ ಹಳೆಯ ತೊಗಲಿನ ಮೊಟ ಇಳಿಸಿ, ಎತ್ತು ಕಟ್ಟಿ ನೀರು ಸೇದಿದರು. ತಳ ಕಾಣುವ ತನಕ ಖಾಲಿ ಮಾಡಿದರು. ಬೆಳಗಾಗುವುದರಲ್ಲಿ ಹೊಸ ನೀರು, ಅದರ ಮೇಲೆ ಅದೇ ಬಣ್ಣದ ಪದರು. ಹೀಗೆ ನಾಲ್ಕು ಸಲ ಆಯಿತು. ಡೀಸೆಲ್ಲಿನ ಬಹುಪಾಲು ಬಾವಿಯಲ್ಲಿ ಇರಲೇ ಇಲ್ಲ. ತಗ್ಗಿಗೂ ಬಾವಿಗೂ ನಡುವೆ ಇರುವ, ಅಂಬಲಿ ಕುದಿಯುವಾಗ ಏಳುವ ಗುಳ್ಳೆಗಳಂಥ ತೂತಿನ ಕಲ್ಲೊಳಗೆ ಅದು ಸೇರಿಕೊಂಡಿತ್ತು. ನೀರು ಅದರ ಪಕ್ಕದಲ್ಲೇ ಹಾದು ಬರುತ್ತಿತ್ತು, ವಾಸನೆಯನ್ನೂ ತೆಳು ಪದರನ್ನೂ ಹೊತ್ತು ತರುತ್ತಿತ್ತು, ಉಳಿದ ಡೀಸೆಲ್ಲನ್ನು ಅಲ್ಲೇ ಬಿಟ್ಟು ಬರುತ್ತಿತ್ತು.

ಆಗ ನಮ್ಮ ಗಂಡಸರಿಗೆ ಬುದ್ಧಿ ಓಡಿತು. ಜಿಡ್ಡು ಹೋಗಬೇಕಾದರೆ ಸಾಬೂನು. ಅಂಗಡಿಯಲ್ಲಿದ್ದ ಬಟ್ಟೆ ಸಾಬೂನನ್ನೆಲ್ಲ ತಂದು, ಹೆರೆದು, ಸಿಹಿನೀರು ಇಲ್ಲವಲ್ಲ ಎಂದು ಹತ್ತಿರದ ಸವಳು ಬಾವಿಯ ನೀರಲ್ಲೇ ಕಲಸಿ, ಬ್ಯಾರಲ್ ಹೂತಿದ್ದ ತಗ್ಗಿಗೆ ಸುರಿದರು. ಜನ್ಮದಲ್ಲಿ ಒಂದು ಕರವಸ್ತ್ರ ಒಗೆಯದವರು ಹೀಗಲ್ಲದೆ ಇನ್ನು ಹೇಗೆ ಮಾಡಿಯಾರು? ಸಾಬೂನು ಒಡೆದು ಬಿಳಿ ಗಷ್ಟಾಗಿ ತಗ್ಗಿನ ತಳಕ್ಕೆ ಮೆತ್ತಿಕೊಂಡಿತು. ಎರಡು ದಿನಕ್ಕೆ ಆ ಕಡೆಯಿಂದ ಬಾವಿಗೆ ಬರುತ್ತಿದ್ದ ಸೆಲೆಯೇ ಸಣ್ಣದಾಯಿತು. ಈಗ ಜನ ನಿಜವಾಗಿ ಹೆದರಿದರು. ಬೇಸಿಗೆ ಎದುರಿಗಿತ್ತು, ನೀರಿಗೆ ಎರಡು ಮೈಲಿ ದೂರದ ಹಳ್ಳದ ಮರಳು ತೋಡಬೇಕಾಗುತ್ತಿತ್ತು.

ನಿಂಬೆವ್ವ ಆ ತಗ್ಗಿನ ಹತ್ತಿರ ಬಂದು, ಗಷ್ಟನ್ನು ಬೆರಳಲ್ಲಿ ತೆಗೆದು ನೋಡಿ, ಗಂಡಸರ ಎದುರಿಗೇ ಗಹಗಹಿಸಿ ನಕ್ಕಳಂತೆ. "ಸವಳು ನೀರಾಗ ಸಾಬೂನು ಒಡೀತದ ಅನ್ನೂದು ನನ್ನ ಕೈಯಾಗ ಅರಿವಿ ಕೊಟ್ಟು ಕೊಟ್ಟು ನಿಮಗ ಮರತೇ ಹೋಗ್ಯದ. ಬಿಡ್ರಿ, ನಾ ತೊಳೀತೇನಿ."

"ಬಾವಿ ಏನ್ ಅಂಗಿ ಅಂತ ಮಾಡೀ ಏನು ತೊಳೀಲಿಕ್ಕ?" ಎಂದರು ಶಾಂತಲಿಂಗಪ್ಪನವರು.

"ಅಂಗಿನೂ ಬರೇ ತೂತ್ರಿ ಗೌಡ್ರ, ಕಲ್ಲೂ ಬರೇ ತೂತು. ಎರಡರಾಗೂ ಎಣ್ಣಿ ಕುಂದ್ರೂದು ಒಂದೇ ರೀತಿ."

ಅವಳು ತಗ್ಗಿನಿಂದ ಡೀಸೆಲ್ ಕುಡಿದ ಕಲ್ಲಿನ ಎರಡು ಚೂರು ಆಯ್ದು ನಮ್ಮ ಹಿತ್ತಲಿಗೆ ತಂದಳು. ನನ್ನ ಕೈಲಿ ಎರಡು ಗಾಜಿನ ಲೋಟ ತರಿಸಿದಳು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಅಂಟವಾಳದ ಕಾಯಿ ಕುದಿಸಿ ಸೋಸಿದ ನೀರು. ಬರೀ ನೀರಲ್ಲಿ ಕಲ್ಲು ಸುಮ್ಮನೆ ಕೂತಿತ್ತು. ಅಂಟವಾಳದ ನೀರಲ್ಲಿ ಸ್ವಲ್ಪ ಹೊತ್ತಿಗೆ ಒಂದೊಂದು ತೂತಿನ ಬಾಯಲ್ಲೂ ಸಾಸಿವೆಯಷ್ಟು ಹನಿ ಮೂಡಿತು. ಹನಿ ಉದ್ದವಾಯಿತು, ಕುತ್ತಿಗೆ ಸಣ್ಣದಾಯಿತು, ಕಳಚಿ ಮೇಲೆ ತೇಲಿತು. ಅದರ ಹಿಂದೆ ಇನ್ನೊಂದು. ನಾನು ಒಲೆಯ ಮೇಲಿನ ಬೇಳೆ ಮರೆತು ನೋಡುತ್ತ ಕೂತುಬಿಟ್ಟೆ.

"ನೋಡವ್ವ," ಎಂದಳು, "ಎಣ್ಣಿಗೂ ನೀರಿಗೂ ಬನಿ ಇಲ್ಲ, ಕೂಡಂಗಿಲ್ಲ. ನೀರು ಕಂಡ್ರ ಎಣ್ಣಿ ಮೈ ಮುದುಡಿ ಗುಂಡಗ ಆಗತದ. ಕಲ್ಲಿನೊಳಗಿನ ಕಿಂಡಿ ಸಣ್ಣದು, ಗುಂಡು ದೊಡ್ಡದು. ನೀರು ಎಷ್ಟು ದಬ್ಬಿದ್ರೂ ಅದು ಕಿಂಡ್ಯಾಗ ಸಿಗಬಿದ್ದು ಕುಂದ್ರತದ. ಅಂಟವಾಳ ನಡುವ ಹ್ವಾದ್ರ ಅವೆರಡರ ಜಗಳ ಕಮ್ಮಿ ಆಗತದ. ಎಣ್ಣಿ ಮೈ ಸಡಲಿಸಿ, ಉದ್ದಾಗಿ, ನುಸುಳಿ ಬರತದ. ದಬ್ಬೂದು ಬ್ಯಾಡ."

ಇದನ್ನು ಅವಳು ಕಲಿತದ್ದು ತವರೂರು ನರೋಣಾದಲ್ಲಿ. ಅಲ್ಲಿಯ ಗಾಣದಲ್ಲಿ ಔಡಲ ಹರಳು ಅರೆದ ಮೇಲೆ ಕುಸುಬಿ ಹಾಕಬೇಕಾದರೆ ಅವಳ ಅಪ್ಪನನ್ನು ಕರೆಸುತ್ತಿದ್ದರಂತೆ. ಗಾಣದ ಕಲ್ಲು ಕುಡಿದುಕೊಂಡ ಔಡಲೆಣ್ಣೆ ಹೋಗದೆ ಹೊಸ ಎಣ್ಣೆ ತಿಂದರೆ ಊರೆಲ್ಲ ಹೊಟ್ಟೆ ಹಿಡಿದುಕೊಂಡು ಓಡಬೇಕಲ್ಲ. ಅಪ್ಪ ಬೆಚ್ಚಗಿನ ಅಂಟವಾಳದ ನೀರನ್ನು ಕಲ್ಲಿಗೆ ತುಂಬಿ, ಒಂದು ದಿನ ಬಿಟ್ಟು, ಚೆಲ್ಲಿ, ಮತ್ತೆ ತುಂಬುತ್ತಿದ್ದ. ನೀರು ತೆಳುವಾದರೆ ಏನೂ ಬರುವುದಿಲ್ಲ, ಬೆರಳಿಗೆ ಜಾರುವಷ್ಟು ಗಟ್ಟಿ ಇರಬೇಕು. ಕಲಕಿ ನೊರೆ ಎಬ್ಬಿಸಿದರೆ ಎಣ್ಣೆಯೂ ನೀರೂ ಹಾಲಿನಂತೆ ಕೂಡಿಕೊಂಡು ಬೇರೆಯಾಗುವುದೇ ಇಲ್ಲ. ಇವೆಲ್ಲ ಅವಳಿಗೆ ಏಳು ವರ್ಷಕ್ಕೇ ಬಾಯಿಪಾಠವಾಗಿದ್ದವು.

ಆಳಂದದ ಜಹೀರುದ್ದೀನನ ಅಂಗಡಿಯಿಂದ ಮೂರು ಚೀಲ ಅಂಟವಾಳ ಬಸ್ಸಿನ ನೆತ್ತಿಯ ಮೇಲೆ ಬಂತು. ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಕುದಿಸಿದರು. ಮೊದಲು ನಿಂಬೆವ್ವ ಬಾವಿಯಲ್ಲಿ ಉಳಿದಿದ್ದ ಮೀನುಗಳನ್ನೂ ಒಂದು ಮುದಿ ಆಮೆಯನ್ನೂ ಬುಟ್ಟಿಯಲ್ಲಿ ಎತ್ತಿಸಿ ದನ ನೀರು ಕುಡಿಯುವ ಕಲ್ಲುದೋಣಿಗೆ ಬಿಡಿಸಿದಳು. ಅಂಟವಾಳದ ನೀರು ಮೀನಿಗೆ ವಿಷ ಎಂದು ಆಗಲೇ ನನಗೆ ಗೊತ್ತಾದದ್ದು. ಆಮೇಲೆ ತಗ್ಗಿನ ತಳವನ್ನು ಒಂದು ಗೇಣು ಕೆತ್ತಿಸಿ ಸಾಬೂನಿನ ಗಷ್ಟು ತೆಗೆಸಿದಳು. ಬಾವಿಯ ನೀರನ್ನು ಮೊಟದಿಂದ ಕೆಳಗಿಳಿಸಿ, ತಗ್ಗಿಗೆ ಬೆಚ್ಚಗಿನ ಅಂಟವಾಳದ ನೀರನ್ನು ತಂಬಿಗೆ ತಂಬಿಗೆಯಾಗಿ, ಅಂಚಿನ ಗುಂಟ ಹನಿಸಿದಳು. ಡೀಸೆಲ್ ಹೋದ ದಾರಿಯಲ್ಲೇ ಅದೂ ಇಳಿದು ಹೋಗಬೇಕು, ಇಳಿದದ್ದು ಬಾವಿಗೇ ಬರಬೇಕು. ಗಂಡಾಳುಗಳು ಜಲ್ದಿ ಮುಗಿಸಲು ಕೊಡ ಕೊಡವೇ ಸುರಿಯಲು ಹೋದರೆ ಮೊಣಕೈ ಮೇಲೆ ಏಟು ಬೀಳುತ್ತಿತ್ತು.

ಮೂರನೇ ದಿನ ಬಾವಿ ನೋಡಿದವರ ಎದೆ ಒಡೆಯಿತು. ಹಿಂದೆಂದೂ ಇಲ್ಲದಷ್ಟು ಡೀಸೆಲ್, ಬೆರಳು ದಪ್ಪದ ಪದರು. "ಮಗ ಅರ್ಧ ಕೆಡಿಸಿದ, ತಾಯಿ ಪೂರಾ ಕೆಡಿಸಿದಳು" ಎಂದು ಊರು ಕೂಗಿತು. ಮಾವ ಕೂಡ ಕಟ್ಟೆಯಿಂದ ಎದ್ದು ಹೋಗಿ ಇಣುಕಿ ಬಂದರು. ನಿಂಬೆವ್ವ ಬಾವಿಯ ಮೆಟ್ಟಿಲ ಮೇಲೆ ಕೂತು ಮಗ್ಗಿನಿಂದ ಪದರು ತೆಗೆತೆಗೆದು ಡಬ್ಬಿಗೆ ಹಾಕುತ್ತ, "ಬರಲಿ ಬರಲಿ, ಎಲ್ಲಾರೂ ಬರ್ರಿ" ಎಂದು ಅದನ್ನೇ ಮಾತಾಡಿಸುತ್ತಿದ್ದಳು. ಆ ಡಬ್ಬಿಗಳ ಜಿಡ್ಡಿನಲ್ಲಿ ಊರಿನ ಬಂಡಿಗಳ ಕೀಲು ಎಷ್ಟೋ ತಿಂಗಳು ಸದ್ದು ಮಾಡಲಿಲ್ಲ.

ಎಂಟನೇ ದಿನಕ್ಕೆ ನೀರು ತಿಳಿಯಾಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಪಂಚರು ಬಾವಿಯ ಕಟ್ಟೆಗೆ ಬಂದು ಒಂದು ತಂಬಿಗೆ ನೀರು ಸೇದಿ ಅವಳ ಬೊಗಸೆಗೆ ಹೊಯ್ದರು. "ಆತು ಅಂತ ಅನ್ನು ನಿಂಬೆವ್ವ, ಇವತ್ತೇ ಮಗಗ ಕರಸೋಣು" ಎಂದರು ಶಾಂತಲಿಂಗಪ್ಪನವರು. ಅವರಿಗೂ ಸಾಕಾಗಿತ್ತು. ಬೇರೆ ಯಾರಿಗೂ ವಾಸನೆ ಗೊತ್ತಾಗುತ್ತಿರಲಿಲ್ಲ. ಮಗ ಹೋಗಿ ತಿಂಗಳಾಗಿತ್ತು. ಅವಳು ಮೂಸಿದಳು, ಗುಟುಕರಿಸಿದಳು, ಉಗುಳಿದಳು.

"ಇಲ್ಲ. ಇನ್ನ ಅದ."

ನಾನು ಕಿಡಕಿಯಲ್ಲಿ ನಿಂತವಳು ಹಣೆ ಚಚ್ಚಿಕೊಂಡೆ. ಹೌದು ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ಈ ಮುದುಕಿಗೆ! ಅವಳು ಮತ್ತೆ ಒಂದು ಚೀಲ ಕುದಿಸಲು ಇಟ್ಟಳು. ಆಮೇಲೆ ಅಂಟವಾಳದ ಕಹಿ ಹೋಗುವ ತನಕ ಬಾವಿಯನ್ನು ಐದು ಸಲ ಬತ್ತಿಸಿದಳು. ಹದಿನೇಳನೇ ದಿನ ತಾನೇ ಸೇದಿ, ಮೂಸಿ, ಹೊಟ್ಟೆ ತುಂಬ ಕುಡಿದು, ತನ್ನ ಮನೆಯ ಕೊಡ ಮೊದಲು ತುಂಬಿಸಿಕೊಂಡಳು. ಯಾರನ್ನೂ ಕೇಳಲಿಲ್ಲ. ಮೀನು ಆಮೆಗಳನ್ನು ತಿರುಗಿ ಬಿಟ್ಟಳು.

ಅಂದು ಸಂಜೆ ನಮ್ಮ ಕಟ್ಟೆಯ ಮೇಲೆ ಊರು ಸೇರಿತು. ಮಾವ ಒಳ್ಳೆಯ ಇಳಕಲ್ ಸೀರೆ, ಒಂದು ಚೀಲ ಜೋಳ ಇಡಿಸಿದ್ದರು. "ಊರು ಉಳಿಸಿದಿ ನಿಂಬೆವ್ವ, ತಗೋ" ಎಂದರು. ಖಂಡಪ್ಪನನ್ನೂ ಕ್ಷಮಿಸಿದ್ದೇವೆ, ಬರಲಿ, ಎಂದು ಯಾರೋ ಸೇರಿಸಿದರು.

ನಿಂಬೆವ್ವ ಸೀರೆ ಮುಟ್ಟಲಿಲ್ಲ. "ಕ್ಷಮಾ ಯಾಕ್ರಿ? ನನ್ನ ಮಗ ಕಳ್ಳ ಆಗಿ ಊರಿಗಿ ಬರೂದು ನನಗ ಬ್ಯಾಡ. ಗೌಡ್ರ, ಆ ತಗ್ಗ ಯಾರ ಮಾತಿಗಿ ತೋಡಿದ ಅಂತ ಇಷ್ಟ್ ಮಂದ್ಯಾಗ ಒಂದ್ ಮಾತು ಹೇಳ್ರಿ. ಸಾಕು."

ಮಾವ ಮತ್ತೆ ಕೋಲಿನ ತುದಿ ನೋಡಿದರು. ಪಕ್ಕದಲ್ಲೇ ಗೋಧಿ ಒಣಗಿಸಿಕೊಂಡ ಶಾಂತಲಿಂಗಪ್ಪನವರು ಕೂತಿದ್ದರು. ನಿಂಬೆವ್ವ ಎರಡನೇ ಸಲ ಕೇಳಲಿಲ್ಲ. ನಿಂತೇ ಇದ್ದಳು. ಬಾಗಿಲ ಹಿಂದಿದ್ದ ನಾನು ಹೊಸಿಲ ತನಕ ಬಂದೆ. ನೀರು ಉಗುಳಿ "ಇನ್ನ ಅದ" ಅಂದವಳನ್ನು ನೆನೆಸಿಕೊಂಡೆ. ಹೊಸಿಲು ದಾಟಿದ್ದು ನನಗೆ ನೆನಪಿಲ್ಲ, ತಲೆಯ ಮೇಲಿನ ಸೆರಗು ಜಾರಿದ್ದು ಮಾತ್ರ ನೆನಪಿದೆ.

"ಮಾವನೋರೇ ತೋಡಿಸಿದ್ರು. ನಾ ಮಾಳಗಿ ಕಿಡಕ್ಯಾಗಿಂದ ನೋಡೇನಿ."

ಅತ್ತೆ ನನ್ನ ತೋಳು ಹಿಡಿದರು. ಮಾವ ತಲೆಯೆತ್ತಿ ನನ್ನನ್ನು ನೋಡಿದರು, ಮೊಟ್ಟಮೊದಲ ಸಲ. ಸಿಟ್ಟು ಇತ್ತೋ ಏನೋ, ಹೇಳಲಾರೆ. ಆಮೇಲೆ ನಿಧಾನವಾಗಿ ಎದ್ದು ನಿಂತರು.

"ಹೌದು. ಬ್ಯಾರಲ್ ನಂದು. ಖಂಡಪ್ಪನ ಕೈಲೆ ನಾನೇ ಹೂಳಿಸೇನಿ. ಶಾಂತಲಿಂಗಾ, ನಿನಗ ಇಲ್ಲ ಅಂದ ದಿನಾ ಅದು ತುಂಬಿತ್ತು."

ಶಾಂತಲಿಂಗಪ್ಪನವರು ರುಮಾಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ, "ಮಣ್ಣೂರಿಗಿ ಯಾರರ ಹೋಗಿ ಖಂಡಪ್ಪಗ ಕರಕೊಂಡು ಬರ್ರಿ" ಎಂದಷ್ಟೇ ಹೇಳಿದರು. ನಿಂಬೆವ್ವ ಬಗ್ಗಿ ಸೀರೆ ಎತ್ತಿಕೊಂಡು ಕಂಕುಳಲ್ಲಿ ಇಟ್ಟಳು. "ಈಗ ಒಯ್ತೇನ್ರಿ" ಎಂದು ಹೋದಳು.

ಮಾವ ನನ್ನ ಬಗ್ಗೆ ಎರಡು ತಿಂಗಳು ಏನೂ ಅನ್ನಲಿಲ್ಲ. ಒಂದು ದಿನ ಹೊಲದಿಂದ ಬಂದವರು, ಅತ್ತೆ ಎದುರಿಗೇ ಇದ್ದರೂ, "ಸುಮಿತ್ರಾ, ನೀರು ತಾರವ್ವ" ಎಂದು ಕೂಗಿದರು. ಅಂದಿನಿಂದ ಆ ಮನೆಯಲ್ಲಿ ನನ್ನ ಬಾಯಿ ನಿಂತಿಲ್ಲ. ಖಂಡಪ್ಪ ಮತ್ತೆ ಇಂಜಿನ್ ಮುಟ್ಟಲಿಲ್ಲ. ಅಫಜಲಪುರದಲ್ಲಿ ಪಂಪ್ ರಿಪೇರಿ ಅಂಗಡಿ ಹಾಕಿದ. ತಾಯಿ ಅವನ ಜೊತೆ ಹೋಗಲಿಲ್ಲ. ಹದಿನಾಲ್ಕು ವರ್ಷ ನಮ್ಮ ಬಟ್ಟೆ ಮೂಸಿದಳು, ನನ್ನ ಮೂರು ಮಕ್ಕಳ ಗುಟ್ಟುಗಳನ್ನು ಹಿತ್ತಲಲ್ಲಿ ಬಯಲು ಮಾಡಿದಳು.

ತೊಂಬತ್ತನಾಲ್ಕರಲ್ಲಿ ಅವಳು ಹಾಸಿಗೆ ಹಿಡಿದಳು. ಆ ಬಾವಿಯ ನೀರೇ ಬೇಕೆಂದಳಂತೆ. ನಾನು ತಂಬಿಗೆ ಹಿಡಿದು ಹೋದೆ. ಕುಡಿಯುವ ಮುಂಚೆ ಮೂಸಿದಳು. ನನಗೆ ನಗು ಬಂತು, ಅಳುವೂ ಬಂತು.

"ಅವತ್ತು ನಾ ಮಾತಾಡತೇನಿ ಅಂತ ನಿನಗ ಗೊತ್ತಿತ್ತೇನು ನಿಂಬೆವ್ವ?"

"ತಗ್ಗ ತೋಡೂವಾಗ ನೀ ಕಿಡಕ್ಯಾಗ ನಿಂತು ನೋಡಾಕತ್ತಿದ್ದಿ ಅಂತ ಖಂಡ್ಯಾ ಮಣ್ಣೂರಿಗಿ ಹೋಗೂ ದಿನಾನೇ ನನಗ ಹೇಳಿದ್ದ."

ನನ್ನ ಕೈಯಲ್ಲಿದ್ದ ತಂಬಿಗೆ ನೆಲಕ್ಕಿಟ್ಟೆ. ಅಂದರೆ ಆ ದಿನಗಳೆಲ್ಲ ನನ್ನ ಕೈಯಿಂದಲೇ ಗಂಟು ಇಸಿದುಕೊಂಡು ಹೋಗುತ್ತಿದ್ದಳು, ನನಗೆ ಗೊತ್ತಿದೆ ಎಂದು ಗೊತ್ತಿದ್ದೂ.

"ಮತ್ತ ಯಾಕ ಕೇಳಲಿಲ್ಲ ನನಗ?"

"ಕೇಳಿದ್ರ ನೀ ಅಂಜಿ ಇಲ್ಲ ಅಂತಿದ್ದಿ. ಒಮ್ಮಿ ಇಲ್ಲ ಅಂದ ಮ್ಯಾಲ ಹೌದು ಅನ್ನೂದು ಎಷ್ಟು ಕಷ್ಟ ಅಂತ ನಿಮ್ಮ ಮಾವಗ ನೋಡಲಿಲ್ಲೇನು?" ಎಂದಳು. ಆಮೇಲೆ ನನ್ನ ಒದ್ದೆ ಮುಖ ನೋಡಿ, "ಸೆರಗಿಗಿ ಒರಸಬ್ಯಾಡ. ಒಗಿಯಾಕ ಇನ್ನ ನಾ ಬರಂಗಿಲ್ಲ" ಎಂದಳು.

ನಾನು ಸೆರಗಿಗೇ ಒರೆಸಿಕೊಂಡೆ.